ಎಡಗೈಗೆ ಬಿಟ್ಟ ಜಾಗ

ಜೂನ್ ೪

ಅಪ್ಪಾ,

ಈ ಪತ್ರವನ್ನು ಎಷ್ಟು ಸಲ ಓದಿದರೂ ನಿನಗೆ ಅದು ಮೊದಲನೆಯ ಸಲವೇ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಮೊದಲಿನಿಂದಲೇ ಹೇಳುತ್ತೇನೆ. ಹೋದ ವರ್ಷ ನಿನಗೆ ಜ್ವರ ಬಂದು ತಲೆಗೆ ಏರಿತು. ಜ್ವರ ಇಳಿಯಿತು, ಆದರೆ ಅಂದಿನಿಂದ ಹೊಸದು ಯಾವುದೂ ನಿನ್ನಲ್ಲಿ ನಿಲ್ಲುತ್ತಿಲ್ಲ. ಹಳೆಯದೆಲ್ಲ ಇದೆ, ಕೊನೆಯ ಮೂರು ವರ್ಷ ಮಾತ್ರ ಒರೆಸಿಹೋಗಿದೆ. ನಾನು ಇನ್ನೂ ಹಾಸ್ಟೆಲಿನಲ್ಲಿ ಓದುತ್ತಿದ್ದೇನೆ ಎಂದು ನೀನು ತಿಳಿದಿದ್ದೀಯ. ಇಲ್ಲಪ್ಪಾ, ಓದು ಮುಗಿಯಿತು. ಈಗ ಸ್ಟೂಲಿನ ಮೇಲೆ ಸರಿಯಾಗಿ ಕೂತುಕೋ. ನನಗೆ ಮದುವೆಯಾಗಿದೆ.

ಆಗಿ ಇಪ್ಪತ್ತಮೂರು ದಿನ. ನೀನೂ ಬಂದಿದ್ದೆ. ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಬಿಳಿ ಅಂಗಿ ಹಾಕಿಕೊಂಡು ಕೂತು ಅಮ್ಮನನ್ನು ಮೂರು ಸಲ ಕೇಳಿದೆಯಂತೆ: "ಯಾರ ಮದುವೆನೇ ಇದು? ಹುಡುಗಿ ನಮ್ಮ ಹೆಬ್ಬೆಟ್ಟಿನ ಥರಾನೇ ಇದ್ದಾಳೆ." ಮೂರು ಸಲವೂ ಅಮ್ಮ "ಹೌದು, ಅವಳ ಥರಾನೇ ಇದ್ದಾಳೆ" ಅಂದಳಂತೆ.

ನಮ್ಮ ಮನೆ ಎಂದರೆ ಲಾಂಡ್ರಿಯೊಂದರ ಮೇಲಿನ ಎರಡು ಕೋಣೆ. ಬೆಳಗ್ಗೆ ಏಳಕ್ಕೆ ಕೆಳಗೆ ಬಾಯ್ಲರ್ ಹಚ್ಚಿದರೆ ಮೇಲೆ ನಮ್ಮ ನೆಲ ಬೆಚ್ಚಗಾಗುತ್ತದೆ, ಹಬೆ ಏರಿ ಬಂದು ಕಿಟಕಿಗಳೆಲ್ಲ ಮಸುಕಾಗುತ್ತವೆ. ಮೋಡದೊಳಗೆ ಸಂಸಾರ ಹೂಡಿದ ಹಾಗಿದೆ. ನಾನು ಬರಿಗಾಲಲ್ಲಿ ಓಡಾಡುತ್ತ ಗಾಜಿನ ಮೇಲೆ ಬೆರಳಿನಿಂದ ಉಲ್ಟಾ ಬರೆಯುತ್ತೇನೆ, ಬೀದಿಯವರಿಗೆ ಸರಿಯಾಗಿ ಕಾಣಲಿ ಎಂದು, ನೀನು ಕಲಿಸಿದ ಹಾಗೆ. ನಿನ್ನೆ "ಇವತ್ತು ಹಾಲು ಬೇಡ" ಎಂದು ಬರೆದೆ. ಹಾಲಿನವನು ಓದಿಕೊಂಡು ಮುಂದೆ ಹೋದ. ನನ್ನ ಇಂಗ್ಲಿಷ್ ಶಾಲೆಯ ಓದಿಗಿಂತ ನಿನ್ನ ಈ ವಿದ್ಯೆಯೇ ಸಂಸಾರಕ್ಕೆ ಒದಗಿತು.

ಇವರು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. ("ಅವನು" ಎಂದು ಬರೆದರೆ ಅಮ್ಮ ಬೈಯುತ್ತಾಳೆ, ಅದಕ್ಕೆ "ಇವರು". ಮನೆಯೊಳಗೆ ಅವನು ಅವನೇ.) ಎಡಗೈಯವರು. ಮೊದಲ ವಾರ ಊಟಕ್ಕೆ ಕೂತಾಗಲೆಲ್ಲ ಅವರ ಎಡ ಮೊಣಕೈ ನನ್ನ ಬಲ ಮೊಣಕೈಗೆ ಬಡಿದು ಸಾರು ಚೆಲ್ಲುತ್ತಿತ್ತು. ಈಗ ನೋಡಿದರೆ ನನ್ನ ಕುರ್ಚಿ ಅವರ ಬಲಕ್ಕೆ ಹೋಗಿದೆ. ಯಾವತ್ತು ಸರಿಸಿದೆನೋ ನನಗೇ ಗೊತ್ತಿಲ್ಲ.

ನಮ್ಮ ಬಾಗಿಲಿನ ಮೇಲರ್ಧ ಬರೀ ಗಾಜು. ಏಳು ವರ್ಷದವಳಿದ್ದಾಗ ನೀನು ಅಂಗಡಿಗೆಂದು ಬರೆದಿಟ್ಟ ಹಸಿ ಬೋರ್ಡಿನ ಮೇಲೆ ಹೆಬ್ಬೆಟ್ಟು ಒತ್ತಿ, ನಿನ್ನಿಂದ ಬೈಸಿಕೊಂಡು, ಈ ಅಡ್ಡಹೆಸರೂ ಹೊತ್ತುಕೊಂಡು ಅತ್ತೆನಲ್ಲ, ಆಗ ನೀನು ಅಂದಿದ್ದೆ: "ನಿನಗೂ ಒಂದು ಮನೆ ಆಗಲಿ. ಅದರ ಬಾಗಿಲ ಗಾಜಿಗೆ ನಾನೇ ಬರೆದುಕೊಡ್ತೀನಿ. ಅದರ ಮೇಲೆ ಎಷ್ಟು ಬೇಕೋ ಅಷ್ಟು ಒತ್ತು." ಗಾಜು ಕಾಯುತ್ತಿದೆ ಅಪ್ಪಾ.

ಅಮ್ಮನಿಗೆ ದೊಡ್ಡ ಅಕ್ಷರದ ಒಂದು ಹಾಳೆ ಕಳಿಸಿದ್ದೇನೆ: "ನಿಮ್ಮ ಮಗಳಿಗೆ ಮದುವೆಯಾಗಿದೆ. ಇವರು ನಿಮ್ಮ ಅಳಿಯ." ಬೇಸಿನ್ನಿನ ಕನ್ನಡಿಯ ಪಕ್ಕ ನಮ್ಮ ಫೋಟೋದ ಜೊತೆ ಅಂಟಿಸುತ್ತಾಳೆ. ದಿನಾ ಬೆಳಗ್ಗೆ ಮುಖ ತೊಳೆಯುವಾಗ ಓದು. ಹಗ್ಗ ಎಳೆದೂ ಎಳೆದೂ ಕಲ್ಲೇ ಸವೆಯುತ್ತದೆ, ನೀನು ನನ್ನ ಅಪ್ಪ, ಕಲ್ಲಲ್ಲ.

ಮುತ್ತುಗಳೊಂದಿಗೆ,
ನಿನ್ನ ಹೆಬ್ಬೆಟ್ಟು


ಜೂನ್ ೧೫

ಹೆಬ್ಬೆಟ್ಟಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಬಣ್ಣ ಬೇಗ ಒಣಗುತ್ತಿದೆ, ಆದ್ದರಿಂದ ಹವಾ ಚೆನ್ನಾಗಿದೆ ಎಂದು ತಿಳಿ. ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿತೇ? ಗಲಾಟೆ ಹುಡುಗಿಯರ ಜೊತೆ ಸೇರಬೇಡ, ಅಷ್ಟು ಗಲಾಟೆಗೆ ನೀನೊಬ್ಬಳೇ ಸಾಕು.

ಔಷಧಿ ಅಂಗಡಿಯವರ ಗಾಜು ಬಂದಿದೆ. ಅವರಿಗೆ ಹಸಿರು ಅಕ್ಷರ, ಬಿಳಿ ಅಂಚು ಬೇಕಂತೆ. ಕೈ ಚೆನ್ನಾಗಿ ಓಡುತ್ತಿದೆ.

ನಿನ್ನ ಅಮ್ಮ ಯಾಕೋ ಕಣ್ಣು ಕೆಂಪು ಮಾಡಿಕೊಂಡು ಓಡಾಡುತ್ತಾಳೆ. ಕೇಳಿದರೆ ಈರುಳ್ಳಿ ಅನ್ನುತ್ತಾಳೆ. ಕೈಯಲ್ಲಿ ಈರುಳ್ಳಿ ಇಲ್ಲ. ನೀನೇ ಒಂದು ಮಾತು ಕೇಳಿ ನೋಡು.

ಅಪ್ಪ


ಜೂನ್ ೩೦

ಮಗಳೇ,

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪ ಪಕ್ಕದಲ್ಲೇ ಕಿವಿ ಕೊಟ್ಟು ನಿಂತಿರುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಹಾಳೆಯನ್ನು ಕಿತ್ತುಹಾಕಿದೆ. ಫೋಟೋವನ್ನೂ ತೆಗೆದಿಟ್ಟೆ. ಹನ್ನೊಂದು ದಿನ ಇಟ್ಟಿದ್ದೆ, ಅದೇ ಹೆಚ್ಚಾಯಿತು. ದಿನಾ ಬೆಳಗ್ಗೆ ಮುಖಕ್ಕೆ ನೀರು ಹಾಕಿಕೊಂಡು ತಲೆ ಎತ್ತುವುದು, ಓದುವುದು, ಒದ್ದೆ ಮುಖದಲ್ಲೇ ನನ್ನ ಹತ್ತಿರ ಬಂದು ನಿಲ್ಲುವುದು. "ನಾನು ಬದುಕಿರೋವಾಗಲೇ ನನ್ನನ್ನ ಬಿಟ್ಟು ಮದುವೆ ಮಾಡಿದ್ರಾ? ನಾನೇನು ಮಾಡಿದ್ದೆ ಅವಳಿಗೆ?" ನೀವೂ ಬಂದಿದ್ದಿರಿ ಅಂದರೆ ನಂಬುವುದಿಲ್ಲ. ಫೋಟೋದಲ್ಲಿರುವ ಹುಡುಗನನ್ನೇ ನೋಡುತ್ತ ಅಳುತ್ತಾರೆ. ಟೀ ಕುಡಿಯುವ ಹೊತ್ತಿಗೆ ಮರೆತಿರುತ್ತಾರೆ. ನಾನು ಮರೆಯಲಾರೆನಲ್ಲ. ಹನ್ನೊಂದು ದಿನ, ಹನ್ನೊಂದು ಸಲ ಹೊಸ ಪೆಟ್ಟು.

ಈಗ ಹೊಸದೊಂದು ಶುರುವಾಗಿದೆ. ಹಾಳೆ ಇಲ್ಲ, ಫೋಟೋ ಇಲ್ಲ, ಗೋಡೆ ಬೋಳು. ಆದರೂ ಬೇಸಿನ್ ಹತ್ತಿರ ಹೋಗುವುದೇ ಇಲ್ಲ. ಹಿತ್ತಿಲ ನಲ್ಲಿಯಲ್ಲಿ ಬಗ್ಗಿ ಮುಖ ತೊಳೆಯುತ್ತಾರೆ. "ಒಳಗೆ ತೊಳೀರಿ, ಸೊಂಟ ಹಿಡಿಯತ್ತೆ" ಅಂದರೆ "ಅಲ್ಲಿ ಬೇಡ" ಅನ್ನುತ್ತಾರೆ. ಯಾಕೆ ಅಂದರೆ ಮಗುವಿನ ಹಾಗೆ ನನ್ನ ಮುಖ ನೋಡುತ್ತಾರೆ. ಅವರಿಗೆ ಗೊತ್ತಿಲ್ಲ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಅಂಟಿಸಿದ ಕೈ ನನ್ನದೇ. ಮುಂದಿನ ವಾರ ಇಬ್ಬರೂ ಬನ್ನಿ.

ಅಮ್ಮ


ಜುಲೈ ೧೬

ಅಮ್ಮಾ,

ಮೊನ್ನೆ ನಾವು ಬಂದಾಗ ನೀನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದೆ, ನಡೆದದ್ದು ನಿನಗೆ ಕಂಡಿರಲಾರದು. ಅಪ್ಪ ನನ್ನನ್ನು ನೋಡಿ "ಹಾಸ್ಟೆಲಿಗೆ ರಜಾನಾ?" ಎಂದು ನಕ್ಕರು. ನನ್ನ ಹಿಂದೆ ಇವರು ಒಳಗೆ ಬಂದರು. ಅಪ್ಪ ಇವರ ಮುಖ ನೋಡಿದರು, ಕುಂಚ ಕೆಳಗಿಟ್ಟರು, ಕೈ ಒರೆಸಿಕೊಂಡರು, ಎದ್ದು ಹಿತ್ತಿಲಿಗೆ ಹೋದರು. ಹಿಂದೆಯೇ ಹೋಗಿ ಏನಾಯಿತು ಅಂದೆ.

"ಏನಿಲ್ಲಮ್ಮ. ಒಳ್ಳೇ ಹುಡುಗನ ಹಾಗೇ ಕಾಣ್ತಾನೆ. ಆದರೆ ಆ ಮುಖ ನೋಡಿದರೆ ಎದೆ ಹಿಂಡಿದ ಹಾಗಾಗತ್ತೆ. ಯಾರು ಅವನು?"

ಇವರು ಯಾರೆಂದು ನಾನು ಹೇಳಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಇವರು ಹೇಳಿದರು: "ಪ್ರತಿ ವರ್ಷ ಮೊದಲ ದಿನ ಹುಡುಗರಿಗೆ ಒಂದು ವಾಕ್ಯ ಬರೆಸ್ತೀನಿ. ಕಲಿಕೆ ಅಂದರೆ ಅನುಭವದಿಂದ ನಡವಳಿಕೆಯಲ್ಲಿ ಆಗುವ, ಬಹುಮಟ್ಟಿಗೆ ಉಳಿಯುವ ಬದಲಾವಣೆ. ದಣಿವಿನಿಂದ ಆದದ್ದು ಲೆಕ್ಕಕ್ಕಿಲ್ಲ, ಮದ್ದಿನಿಂದ ಆದದ್ದು, ಬೆಳೆದು ದೊಡ್ಡವರಾದ್ದರಿಂದ ಆದದ್ದು ಯಾವುದೂ ಲೆಕ್ಕಕ್ಕಿಲ್ಲ. ಅನುಭವದಿಂದ ಆಗಬೇಕು, ಉಳೀಬೇಕು. ಏಳು ವರ್ಷದಿಂದ ಬರೆಸ್ತಿದೀನಿ, ಆ ವಾಕ್ಯದಲ್ಲಿ ನೆನಪು ಅನ್ನೋ ಪದವೇ ಇಲ್ಲ ಅಂತ ಇವತ್ತು ನೋಡಿದೆ. ನಿಮ್ಮಪ್ಪ ಕಲಿತಿದ್ದಾರೆ ಕಣೇ. ನನ್ನ ಮುಖ ಅಂದರೆ ನೋವು ಅಂತ ನಾವೇ ಹನ್ನೊಂದು ದಿನ ಪಾಠ ಮಾಡಿದ್ವಿ."

ಮಿದುಳಿನಲ್ಲಿ ಇರುವುದು ಒಂದೇ ಉಗ್ರಾಣವಲ್ಲವಂತೆ ಅಮ್ಮ. ದಿನದಿನದ ಸಂಗತಿಗಳನ್ನು ಹಿಡಿದಿಡುವ ಭಾಗವನ್ನು ಜ್ವರ ತಿಂದುಹಾಕಿದೆ. ಕೈಯ ಕಸುಬು, ಅಂಜಿಕೆ, ಒಲವು ಇವನ್ನು ಕಲಿಯುವ ಭಾಗಗಳು ಬೇರೆ, ಅವು ಹಾಗೇ ಇವೆ. ಅಲ್ಲಿ ಒಂದು ಕೋಶದಿಂದ ಇನ್ನೊಂದಕ್ಕೆ ಹೋಗುವ ದಾರಿ ನಡೆದಷ್ಟೂ ಸಲೀಸಾಗುತ್ತದಂತೆ, ಹುಲ್ಲಿನಲ್ಲಿ ಕಾಲುದಾರಿ ಬಿದ್ದ ಹಾಗೆ. ನಡೆದವನಿಗೆ ನಡೆದದ್ದು ನೆನಪಿರಬೇಕು ಎಂದೇನಿಲ್ಲ, ದಾರಿ ಇರುತ್ತದೆ. ಕಿಟಕಿಯಾಚೆ ಬಯಲು ಓಡುತ್ತಿತ್ತು. ಕಾಲುದಾರಿಗಳು ಕಂಡಾಗಲೆಲ್ಲ ಇದನ್ನು ಯಾರು ಯಾರು ನಡೆದು ಮರೆತರೋ ಎಂದು ನೋಡುತ್ತ ಕೂತೆ.

ಈಗ ಇವರೊಂದು ಉಪಾಯ ಮಾಡಿದ್ದಾರೆ. ಹೇಳಿ ಕಲಿಸುವುದು ಬೇಡ, ಜೊತೆಯಲ್ಲಿ ಕೂತು ನೋಡುತ್ತೇನೆ ಅನ್ನುತ್ತಾರೆ. ಭಾನುವಾರ ಭಾನುವಾರ ಒಬ್ಬರೇ ಬರುತ್ತಾರೆ, ಹಿತ್ತಿಲ ಬಾಗಿಲಿನಿಂದ, ಅಳಿಯನಾಗಿ ಅಲ್ಲ, ಗಾಜಿನ ಮೇಲೆ ಬರೆಯುವುದನ್ನು ಕಲಿಯಲು ಬಂದವನಾಗಿ. ಮುಖದ ಗುರುತು ಸಿಗದಿರಲಿ ಎಂದು ಗಡ್ಡ ಬಿಡುತ್ತಾರಂತೆ. ಮದುವೆಯಾಗಿ ಎರಡು ತಿಂಗಳಿಗೆ, ನನ್ನನ್ನು ಒಂದು ಮಾತು ಕೇಳದೆ, ಗಡ್ಡ. ಅಪ್ಪನಿಗಾಗಿ ಸಹಿಸಿಕೊಳ್ಳುತ್ತೇನೆ.

ನಿನ್ನ ಮಗಳು


ಆಗಸ್ಟ್ ೯

ಅಪ್ಪಾ,

ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಹಾಸಿಗೆಯೇ ಸಿಕ್ಕಿದೆ. ಬೆಳಗ್ಗೆ ಎದ್ದರೆ ಗಾಜಿನ ತುಂಬ ಹಬೆ, ಇನ್ನೂ ಕನಸಿನಲ್ಲೇ ಇದ್ದೇನೇನೋ ಅನ್ನಿಸುತ್ತದೆ. ಎಷ್ಟೋ ಸಲ ಹೌದು ಎಂದೇ ತೀರ್ಮಾನಿಸಿ ಮತ್ತೆ ಮಲಗುತ್ತೇನೆ.

ರೂಮ್‌ಮೇಟ್ ಒಂದಿದೆ. ಪಾಪದ ಪ್ರಾಣಿ. ಎಡಗೈ. ಟೂತ್‌ಪೇಸ್ಟನ್ನು ನಡುವಿನಿಂದ ಹಿಂಡುವ ಜಾತಿ. ಸ್ವಲ್ಪ ಗೊರಕೆ, ಆದರೆ ತಾಳ ತಪ್ಪುವುದಿಲ್ಲ. ನಾನು ಮಾತಾಡುತ್ತಲೇ ಇದ್ದರೆ ಅದು ಕೇಳುತ್ತಲೇ ಇರುತ್ತದೆ, ಆಮೇಲೆ ಒಂದೇ ಒಂದು ಮಾತು ಹೇಳುತ್ತದೆ, ಅದು ಸರಿಯಾಗಿರುತ್ತದೆ. ಮೊದಲ ದಿನ ಕತ್ತಲೆಯಲ್ಲಿ ಸ್ವಿಚ್ಚಿಗೆ ಗೋಡೆಯೆಲ್ಲ ತಡಕುತ್ತಿದ್ದೆ. ಈಗ ಕೈ ತಾನೇ ಹೋಗುತ್ತದೆ. ಮೂರನೆಯ ಮೆಟ್ಟಿಲು ಒಂದು ಬೆರಳು ಎತ್ತರ, ಅದು ಕಾಲಿಗೆ ಗೊತ್ತಾಗಿದೆ. ನಿದ್ದೆಯಲ್ಲಿ ಹೊದಿಕೆ ಎಳೆದುಕೊಂಡರೆ ನನ್ನ ಕೈಯೇ ಅರ್ಧ ವಾಪಸು ಕೊಡುತ್ತದೆ. ಇಷ್ಟೆಲ್ಲ ಕಲಿತೆ, ಯಾರೂ ಪರೀಕ್ಷೆ ಇಡಲಿಲ್ಲ.

ಅಪ್ಪಾ, ಈ ಪತ್ರದಲ್ಲಿ ಒಂದು ಸುಳ್ಳಿದೆ. ಯಾವುದೆಂದು ಹೇಳಲಾರೆ. ಉಳಿದದ್ದೆಲ್ಲ ನಿಜ. ನಾನು ತುಂಬಾ ಸಂತೋಷವಾಗಿದ್ದೇನೆ, ಅದು ಎಲ್ಲಕ್ಕಿಂತ ನಿಜ.

ನಿನ್ನ ಹೆಬ್ಬೆಟ್ಟು


ಸೆಪ್ಟೆಂಬರ್ ೧೮

ಮಗಳೇ,

ಅಳಿಯಂದಿರು ಮನೆಗೆ ಬಂದು ಏನೂ ಹೇಳುವುದಿಲ್ಲ ಎಂದು ಗೊಣಗಿದ್ದೀಯ. ನಾನು ಹೇಳುತ್ತೇನೆ.

ಮೊದಲ ಭಾನುವಾರ ಹಿತ್ತಿಲ ಚಿಲಕ ತೆಗೆದು ಒಳಗೆ ಬಂದರು. ನಿನ್ನ ಅಪ್ಪ ತಲೆ ಎತ್ತದೆ, "ಯಾರಪ್ಪ?"

"ಗಾಜಿನ ಮೇಲೆ ಬರೆಯೋದು ಕಲಿಯೋಣ ಅಂತ ಬಂದೆ."

"ವಯಸ್ಸೆಷ್ಟು?"

"ಇಪ್ಪತ್ತೊಂಬತ್ತು."

"ಇಷ್ಟು ದಿನ ಏನು ಕಡಿದು ಗುಡ್ಡೆ ಹಾಕ್ತಿದ್ದೆ?"

"ಮೇಷ್ಟ್ರಾಗಿದ್ದೆ."

"ಹಾಗಾದರೆ ಕೈ ಕೆಟ್ಟಿರತ್ತೆ. ಕೂತ್ಕೋ."

ಕುಂಚ ಎಡಗೈಯಲ್ಲಿ ಹಿಡಿದದ್ದಕ್ಕೆ ಬೈದರು. ಸ್ವಲ್ಪ ಹೊತ್ತು ನೋಡಿ ಇವರೇ ಬೆಚ್ಚಿಬಿದ್ದರು. "ತಡಿ ತಡಿ. ಗಾಜಿನ ಹಿಂದೆ ಬರೆಯೋವಾಗ ಬಲದಿಂದ ಎಡಕ್ಕೆ ಹೋಗಬೇಕು. ನಮ್ಮಂಥ ಬಲಗೈಯವರ ಕೈ ಹಸಿ ಬಣ್ಣದ ಮೇಲೇ ಬರತ್ತೆ. ಅದಕ್ಕೇ ಜೀವಮಾನವಿಡೀ ಕೈ ಕೆಳಗೆ ಕೋಲು ಆನಿಸಿಕೊಂಡು ಬರೆದೆ ನಾನು. ನಿನ್ನ ಕೈ ಬಣ್ಣದ ಮುಂದೆ ಮುಂದೆ ಹೋಗತ್ತೆ. ಈ ಕೆಲಸಕ್ಕೆ ಅಂತಾನೇ ಹುಟ್ಟಿದ ಕೈ ಇದು ಮಾರಾಯ." ಮುಖ ಮಾತ್ರ ನೋಡಲಿಲ್ಲ. ಕೈಯನ್ನೇ ನೋಡುತ್ತ ಮಾತಾಡಿದರು.

ಐದು ಭಾನುವಾರ ಆಯಿತು. ಐದು ಸಲ "ಯಾರಪ್ಪ", ಐದು ಸಲ ಬೈಗುಳ, ಐದು ಸಲ "ತಡಿ ತಡಿ". ಐದನೆಯ ಸಲವೂ ಅಳಿಯಂದಿರು ಮೊದಲ ಸಲ ಕೇಳಿದವರ ಹಾಗೆ ಕಣ್ಣರಳಿಸಿದರು. ಮೇಷ್ಟ್ರ ಕೆಲಸ ಹೋದರೆ ನಾಟಕದ ಕಂಪನಿ ಇದೆ ಅಂತ ಹೇಳು. ಅವರು ಹೊರಟು ಹತ್ತು ನಿಮಿಷವಾದರೆ ಇವರ ಪಾಲಿಗೆ ಮನೆಗೆ ಯಾರೂ ಬಂದಿರುವುದಿಲ್ಲ.

ಆದರೆ ಈ ಸಲ ಟೀ ಕೊಡಲು ಹೋದಾಗ ನೋಡಿದೆ. ಇವರು ಮಾತಿನ ನಡುವೆ ಅಳಿಯನ ಮುಖ ನೋಡಿ ನಕ್ಕರು. ಎದ್ದು ಹೋಗಲಿಲ್ಲ.

ಬೇಸಿನ್ ಹತ್ತಿರ ಇನ್ನೂ ಹೋಗುವುದಿಲ್ಲ.

ಅಮ್ಮ


ಅಕ್ಟೋಬರ್ ೨೦

ಹೆಬ್ಬೆಟ್ಟಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಬಣ್ಣ ಬೇಗ ಒಣಗುತ್ತಿದೆ, ಆದ್ದರಿಂದ ಹವಾ ಚೆನ್ನಾಗಿದೆ ಎಂದು ತಿಳಿ. ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿತೇ?

ಯಾರೋ ನನ್ನ ದೀಪವನ್ನು ಎಡದಿಂದ ತೆಗೆದು ಬಲಕ್ಕಿಟ್ಟಿದ್ದಾರೆ. ಬಲಗೈಯವನಿಗೆ ಬೆಳಕು ಎಡದಿಂದ ಬೀಳಬೇಕು, ಇಲ್ಲದಿದ್ದರೆ ತನ್ನ ಕೈಯ ನೆರಳಿನಲ್ಲೇ ಬರೆಯಬೇಕಾಗುತ್ತದೆ. ಇಷ್ಟೂ ತಿಳಿಯದವರು ಯಾರು? ನಿನ್ನ ಅಮ್ಮನನ್ನು ಕೇಳಿದರೆ ನೀವೇ ಇಟ್ಟಿರಿ ಅನ್ನುತ್ತಾಳೆ. ಅವಳಿಗೆ ಮರೆವು ಜಾಸ್ತಿಯಾಗಿದೆ, ನೀನು ಬಂದಾಗ ಡಾಕ್ಟರಿಗೆ ತೋರಿಸು.

ಅಪ್ಪ

(ಮರೆವು ಜಾಸ್ತಿಯಾಗಿರುವ ನಾನು ಇದರ ಕೆಳಗೆ ಎರಡು ಸಾಲು ಬರೆಯುತ್ತಿದ್ದೇನೆ. ಹಿತ್ತಿಲ ಚಿಲಕ ಸದ್ದಾದ ಕೂಡಲೇ ಇವರೇ ಎದ್ದು ದೀಪವನ್ನು ಬಲಕ್ಕಿಡುತ್ತಾರೆ, ಒಳಕೋಣೆಯ ಸ್ಟೂಲನ್ನೂ ತಂದು ಹಾಕುತ್ತಾರೆ. ಆಮೇಲೆ ತಲೆ ಎತ್ತಿ "ಯಾರಪ್ಪ" ಅನ್ನುತ್ತಾರೆ. ಮೂರು ಭಾನುವಾರದಿಂದ ಕಣ್ಣಾರೆ ನೋಡುತ್ತಿದ್ದೇನೆ. — ಅಮ್ಮ)


ನವೆಂಬರ್ ೧೨

ಅಮ್ಮಾ,

ನಿನ್ನ ಎರಡು ಸಾಲನ್ನು ಓದಿ ನಾನು ಮಂಚದ ಮೇಲೆ ಕುಣಿದೆ. ಲಾಂಡ್ರಿಯವರು ಕೆಳಗಿನಿಂದ ಕೋಲಿನಲ್ಲಿ ಚಾವಣಿ ತಟ್ಟಿದರು. ಇವರು ಮಾತ್ರ ಮತ್ತೆ ಮತ್ತೆ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಓದಿದರು. ಮುಂದಿನ ಭಾನುವಾರ ಹೊರಡುವ ಮುಂಚೆ ನಮ್ಮ ಬಾಗಿಲಿನ ಗಾಜನ್ನು ಬಿಚ್ಚಿ ದುಪ್ಪಟಿಯಲ್ಲಿ ಸುತ್ತಿಕೊಂಡರು. "ಅಭ್ಯಾಸಕ್ಕೆ ಒಂದು ಗಾಜು ಬೇಕು ಅಂತಾರೆ ನಿಮ್ಮಪ್ಪ, ಇದನ್ನೇ ಒಯ್ತೀನಿ." ನಾನು ಬೆರಳಿಗೆ ನೀಲಿ ಬಣ್ಣ ಹಚ್ಚಿ ಅದರ ಮೂಲೆಯಲ್ಲಿ ಹೆಬ್ಬೆಟ್ಟು ಒತ್ತಿ ಕಳಿಸಿದೆ. ಬಾಗಿಲಿಗೆ ರಟ್ಟು ಹಾಕಿದ್ದೇವೆ.

ಗಾಜು ನಿಮ್ಮಲ್ಲೇ ಉಳಿಯಿತು. ಅಂದು ಮನೆಗೆ ಬಂದವರು ಲಾಂಡ್ರಿಯ ಒದ್ದೆ ಮೆಟ್ಟಿಲಲ್ಲಿ ಜಾರಿ, ಎಡ ಮಣಿಕಟ್ಟಿನ ಮೂಳೆ ಮುರಿದುಕೊಂಡರು ಎಂದು ಫೋನಿನಲ್ಲಿ ಹೇಳಿದ್ದೆನಲ್ಲ. ಆರು ವಾರ ಪ್ಲಾಸ್ಟರ್. ರೈಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನಾನೇ ತುತ್ತು ಮಾಡಿ ಕೊಡುತ್ತೇನೆ. ಅದರಲ್ಲಿ ಸುಖವಿಲ್ಲ ಎಂದು ಸುಳ್ಳು ಹೇಳಲಾರೆ.

ಆದರೆ ಅಮ್ಮ, ಆರು ಭಾನುವಾರ ಯಾರೂ ನಡೆಯದಿದ್ದರೆ ದಾರಿಯಲ್ಲಿ ಹುಲ್ಲು ಬೆಳೆಯುವುದಿಲ್ಲವೇ? ಇವರನ್ನು ಕೇಳಿದೆ. "ಗೊತ್ತಿಲ್ಲ" ಅಂದರು. "ನಾನು ಬರೆಸೋ ವಾಕ್ಯದಲ್ಲಿ 'ಬಹುಮಟ್ಟಿಗೆ' ಅಂತ ಇದೆಯಲ್ಲ, ಆ ಪದ ನೋಡಿ ಇದುವರೆಗೆ ನಾನು ಹೆದರಿರಲಿಲ್ಲ." ಮತ್ತೆ ಮೊದಲಿನಿಂದ ಎಂದರೆ, ಆ ಎದೆ ಹಿಂಡುವ ಮುಖದಿಂದ ಮೊದಲು. ನನ್ನ ಗಾಜಂತೂ ಇರಲಿ, ಅಪ್ಪ ಇವರನ್ನು ನೋಡಿ ಮತ್ತೊಮ್ಮೆ ಎದ್ದುಹೋದರೆ ನಾನು ತಡೆದುಕೊಳ್ಳಲಾರೆ.

ಗಡ್ಡ ಹಾಗೇ ಇದೆ. ತೆಗೆಯಲು ಒಪ್ಪುತ್ತಿಲ್ಲ.

ನಿನ್ನ ಮಗಳು


ಡಿಸೆಂಬರ್ ೧೭

ಹೆಬ್ಬೆಟ್ಟಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಬಣ್ಣ ನಿಧಾನವಾಗಿ ಒಣಗುತ್ತಿದೆ, ಆದ್ದರಿಂದ ಚಳಿ ಎಂದು ತಿಳಿ. ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿತೇ?

ಒಂದು ಮಾತು ಬರೆಯಬೇಕು ಅನ್ನಿಸಿತು. ನಿನ್ನ ಅಮ್ಮನಿಗೆ ಹೇಳಿಲ್ಲ, ನಗುತ್ತಾಳೆ. ನನ್ನ ಕೋಣೆಯಲ್ಲಿ ಎರಡು ಸ್ಟೂಲುಗಳಿವೆ. ಒಂದರ ಮೇಲೆ ನಾನು ಕೂರುತ್ತೇನೆ, ಇನ್ನೊಂದು ಯಾರದೋ ತಿಳಿಯದು. ಒಳಗೆ ಇಟ್ಟುಬರೋಣವೆಂದು ಎತ್ತಿಕೊಂಡೆ, ಮನಸ್ಸಾಗದೆ ಅಲ್ಲೇ ಇಟ್ಟೆ. ಅದು ಖಾಲಿ ಇದ್ದರೆ ಕೆಲಸ ಸಾಗುವುದಿಲ್ಲ. ಈಗ ತಾನೇ ಗಾಳಿಗೆ ಹಿತ್ತಿಲ ಚಿಲಕ ಅಲ್ಲಾಡಿತು, ಎದ್ದು ದೀಪವನ್ನು ಬಲಕ್ಕಿಟ್ಟೆ. ಇಟ್ಟು ನೋಡಿದರೆ ಯಾರೂ ಇರಲಿಲ್ಲ.

ಗೋಡೆಗೆ ಒಂದು ಗಾಜು ಆನಿಸಿತ್ತು, ಯಾವುದೋ ಬಾಗಿಲಿನದು. ಮೂಲೆಯಲ್ಲಿ ನೀಲಿ ಹೆಬ್ಬೆಟ್ಟು. ಒರೆಸಲು ಹೋದವನು ನಿನ್ನ ನೆನಪಾಗಿ ಬಿಟ್ಟೆ. ನಿನ್ನ ಮನೆಯ ಗಾಜಿಗೆ ನಾನೇ ಬರೆದುಕೊಡುತ್ತೇನೆ ಅಂದದ್ದು ಮರೆತಿಲ್ಲ ತಾನೇ? ಅದಕ್ಕೆ ಇನ್ನೂ ಕಾಲವಿದೆ. ಆದರೂ ಕೈ ಸುಮ್ಮನಿರಲಿಲ್ಲ, "ಒಳಗೆ ಬನ್ನಿ" ಎಂದು ಹಾಕಲು ಕೂತೆ. "ಒಳಗೆ" ಆಯಿತು, ಚೆನ್ನಾಗಿಯೇ ಬಂದಿದೆ. "ಬನ್ನಿ"ಗೆ ಕುಂಚ ಅದ್ದಿ ಎತ್ತಿದೆ, ಹಾಗೇ ಕೆಳಗಿಟ್ಟೆ. ಆ ಜಾಗ ನನ್ನದಲ್ಲ ಅನ್ನಿಸಿತು. ಎಡಗೈಯಲ್ಲಿ ಬರೆಯುವವರು ಅಲ್ಲಿ ಬರೆಯಬೇಕು. ಯಾಕೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ.

ನಿಮ್ಮ ಹಾಸ್ಟೆಲಿನಲ್ಲಿ ಎಡಗೈಯವರು ಯಾರಾದರೂ ಇದ್ದರೆ ರಜೆಗೆ ಬರುವಾಗ ಕರೆದುಕೊಂಡು ಬಾ. ಹಿತ್ತಿಲ ಕಡೆಯಿಂದ ಬರಲಿ. ದೀಪ ಬಲಕ್ಕೇ ಇಟ್ಟಿರುತ್ತೇನೆ.

ಅಪ್ಪ